ಚೌತಿಗೆ ಒಟ್ಟಿಗೇ ಕೊಡಿ

ದುಡಿದ ದುಡ್ಡನ್ನು ದುಡಿದ ತಿಂಗಳೇ ತೆಗೆದುಕೊಳ್ಳುವುದು ದಡ್ಡತನ ಎಂದು ನಾನು ಬಹಳ ಕಾಲ ನಂಬಿದ್ದೆ. ಅಮ್ಮ ತೆಂಗಿನ ತೋಟದ ಕೆಲಸಕ್ಕೆ ಹೋಗುತ್ತಿದ್ದಾಗ ಒಡೆಯರಿಗೆ "ನಿಮ್ಮಲ್ಲೇ ಇರ್ಲಿ, ಚೌತಿಗೆ ಒಟ್ಟಿಗೇ ಕೊಡಿ" ಅನ್ನುತ್ತಿದ್ದಳು. ಮನೆಗೆ ಬಂದ ದುಡ್ಡಿಗೆ ಕಾಲು ಬರುತ್ತದೆ, ಒಡೆಯರ ಪೆಟ್ಟಿಗೆಯಲ್ಲಿದ್ದರೆ ಕೂತಲ್ಲೇ ಕೂತಿರುತ್ತದೆ ಎಂಬುದು ಅವಳ ಅರ್ಥಶಾಸ್ತ್ರ. ಗಣಪತಿ ಹಬ್ಬಕ್ಕೆ ನಮಗೆಲ್ಲ ಹೊಸ ಬಟ್ಟೆ, ಡಬ್ಬಿ ತುಂಬ ಚಕ್ಕುಲಿ ಬರುತ್ತಿದ್ದದ್ದು ಅದರಿಂದಲೇ. ಹಾಗಾಗಿ ಅದನ್ನು ತಪ್ಪು ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಮದುವೆಯಾಗಿ ಹಿರೇಗುತ್ತಿಗೆ ಬಂದ ಮೇಲೆ ನನಗೆ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಸಿಕ್ಕಿತು. ಕುಮಟಾ, ಹೊನ್ನಾವರ, ಭಟ್ಕಳ, ಮೂರೂ ಕಡೆ ಅವರ ಶಾಖೆಗಳಿದ್ದವು. ನನ್ನದು ಅರೆಹೊತ್ತಿನ ಕೆಲಸ. ಎಲ್ಲಿ ಜನ ಕಡಿಮೆಯೋ ಅಲ್ಲಿಗೆ ಓಡಬೇಕು. ಪೂರ್ತಿ ಕೆಲಸದವರಿಗೆ ಸಂಬಳ ತಾನಾಗಿ ಬರುತ್ತಿತ್ತು. ನಮ್ಮಂಥವರು ಮಾತ್ರ ಯಾವ ದಿನ, ಎಲ್ಲಿ, ಎಷ್ಟು ಹೊತ್ತು ದುಡಿದೆವೆಂದು ತಿಂಗಳ ಕೊನೆಗೆ ವೋಚರ್ ಬರೆದು ಕೊಡಬೇಕಿತ್ತು. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.

ಉಳಿದವರು ಇದನ್ನು ತಲೆನೋವು ಅನ್ನುತ್ತಿದ್ದರು. ನನಗೆ ವರವೇ ಸಿಕ್ಕಿದಂತಾಯಿತು. ಗಂಡ ಟೆಂಪೋ ಓಡಿಸುತ್ತಾನೆ. ಮನುಷ್ಯ ಒಳ್ಳೆಯವನೇ, ಆದರೆ ಟೆಂಪೋದ ಹೊಟ್ಟೆ ದೊಡ್ಡದು. ಇವತ್ತು ಟಯರು, ನಾಳೆ ಕ್ಲಚ್ಚು, ನಾಡಿದ್ದು ಇನ್ಶೂರೆನ್ಸು. "ನಾಳೆ ಕೊಡ್ತೆ" ಎಂದು ಅವನು ನನ್ನಿಂದ ತೆಗೆದುಕೊಂಡ ದುಡ್ಡಿನ ನಾಳೆ ಇನ್ನೂ ಬಂದಿಲ್ಲ. ಹಾಗಾಗಿ ನಾನು ವೋಚರುಗಳನ್ನು ಬ್ಯಾಗಿನಲ್ಲೇ ಇಟ್ಟುಕೊಂಡು, ಚೌತಿ ಹತ್ತಿರ ಬಂದಾಗ ಎಲ್ಲವನ್ನೂ ಒಟ್ಟಿಗೆ ಕೊಟ್ಟೆ. ಅಮ್ಮನ ಮಗಳು ತಾನೆ.

ಸಂಬಳ ಬಂತು. ನೋಡಿದರೆ ಅದರಲ್ಲಿ ಕಡಿತವೇ ಒಂದು ಸೀರೆಯ ದುಡ್ಡಿನಷ್ಟಿತ್ತು. ಸಿಟ್ಟು ನೆತ್ತಿಗೇರಿ ಸೀದಾ ಹೊನ್ನಾವರದ ಶಾಖೆಗೆ ಹೋದೆ. ಮೂರೂ ಶಾಖೆಗಳ ಸಂಬಳದ ಲೆಕ್ಕ ನೋಡುವ ಹೆಂಗಸು ಅಲ್ಲಿ ಕೂರುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಹಳದೀಪುರದವರು. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು, ಪ್ರೀತಿಗಿಂತ ಹೆಚ್ಚಾಗಿ ಹೆದರಿಕೆಯಿಂದ.

"ಎಂತಕ್ಕಾ ಇದು? ನಾ ದುಡದದ್ದು ನಂಗೆ ಕೊಡೂಕೆ ಇಷ್ಟು ಕಷ್ಟವಾ?" ಎಂದೆ.

"ಕೂತ್ಕೋ ಮೊದ್ಲು," ಎಂದರು ಅವರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ನಾಕು ತಿಂಗಳಿಂದು ಒಟ್ಟಿಗೆ ತಂದು ಸುರದ್ರೆ ಇಲ್ಲಿ ಅದು ಒಂದೇ ತಿಂಗಳ ಸಂಬಳ. ದೊಡ್ಡ ಸಂಬಳದವ್ರ ತೆರಿಗೆ ನಿಂಗೂ ಬಿತ್ತು. ಅದು ಹೋದ್ರೆ ಹೋಗ್ಲಿ. ಇಎಸ್‌ಐ ನೋಡು. ಹುಷಾರಿಲ್ದೆ ಮಲಗಿದ್ರೆ, ಹೆರಿಗೆಯಾದ್ರೆ, ನೀ ಮನೇಲಿದ್ದಾಗ ದುಡ್ಡು ಕೊಡೂದು ಅದು. ಅವ್ರು ಎಷ್ಟು ದುಡ್ಡು ಕಟ್ಟಿದ್ದೆ ಅಂತ ಕೇಳೂದಿಲ್ಲ, ಎಷ್ಟು ದಿನದ್ದು ಕಟ್ಟಿದ್ದೆ ಅಂತ ಕೇಳ್ತಾರೆ. ನಿಂದು ಮೂರು ತಿಂಗಳು ಸೊನ್ನೆ."

"ದುಡ್ಡು ಬಂದದ್ಯಲ್ಲ, ಯಾವಾಗ ಬಂದ್ರೆ ಎಂತ?"

"ಬೇಸಿಗೆ ಪೂರ್ತಿ ತೆಂಗಿನ ಸಸಿಗೆ ನೀರು ಹಾಕ್ದೆ, ಕಡೇ ದಿನ ಎಲ್ಲಾ ಒಟ್ಟಿಗೆ ಹೊಯ್ದ್ರೆ ಬದುಕ್ತದಾ?"

ಮಾತು ಸರಿಯಾಗಿಯೇ ಇತ್ತು. ಆದರೆ ನಡುವೆ ಹೆರಿಗೆ ಎಂದದ್ದು ನನಗೆ ಚುಚ್ಚಿತು. ಮದುವೆಯಾಗಿ ವರ್ಷಗಳಾಗಿದ್ದವು, ಊರವರ ಕಣ್ಣೆಲ್ಲ ನನ್ನ ಹೊಟ್ಟೆಯ ಮೇಲಿತ್ತು. "ನಂಗೆ ಅದ್ರ ಗರಜಿಲ್ಲ" ಎಂದು ಎದ್ದು ಬಂದೆ.

ಅಕ್ಕ ಬಿಡಲಿಲ್ಲ. ಮುಂದಿನ ತಿಂಗಳ ಕೊನೆಯಲ್ಲಿ ನಾನು ಭಟ್ಕಳಕ್ಕೆ ಹೋಗುವ ಬಸ್ಸಿನಲ್ಲಿದ್ದೆ. ಹಳದೀಪುರದಲ್ಲಿ ಬಸ್ಸು ನಿಂತಾಗ ಕಿಟಕಿಯೊಳಗೆ ಒಂದು ಕೈ ಬಂತು. "ವೋಚರ್ ಕೊಡು." ನಾನು ಬರೆದಿದ್ದೇನೋ ಬರೆದಿದ್ದೆ; ಇಲ್ಲ ಎನ್ನುವಷ್ಟು ಧೈರ್ಯವಾಗದೆ ಕೊಟ್ಟೆ. ಅದರ ಮುಂದಿನ ತಿಂಗಳೂ ಅದೇ ಕೈ. ಕಂಡಕ್ಟರ್ ನಗುತ್ತ "ಎಂತ ಅಕ್ಕಾ, ಹಫ್ತಾ ವಸೂಲಿಯಾ?" ಎಂದು ಕೇಳಿದ. "ಹೌದು, ನಿಂದೂ ಅದ್ಯಾ?" ಎಂದರು ಅಕ್ಕ.

ನನ್ನ ನಿಜವಾದ ಕಷ್ಟ ಟೆಂಪೋ ಎಂದು ಅವರಿಗೆ ಒಂದು ದಿನ ಹೇಳಿಬಿಟ್ಟೆ. "ದುಡ್ಡು ಅಡಗಿಸೂಕೆ ನನ್ನ ಆಫೀಸೇ ಬೇಕಾ? ಪೋಸ್ಟಿನಲ್ಲಿ ಆರ್‌ಡಿ ಮಾಡು. ಸಂಬಳ ಬಂದ ದಿನವೇ ಕಟ್ಟು. ನಿನ್ನ ಟೆಂಪೋಗೆ ಅಲ್ಲಿ ಪಾರ್ಕಿಂಗ್ ಇಲ್ಲ" ಎಂದರು. ಹಾಗೇ ಮಾಡಿದೆ. ಚೌತಿಗೆ ಒಟ್ಟಿಗೆ ದುಡ್ಡೂ ಆಯಿತು, ತಿಂಗಳು ತಿಂಗಳು ಸಣ್ಣ ಕಡಿತವೂ ಆಯಿತು.

ಒಂದು ಮಳೆಗಾಲದಲ್ಲಿ ಮಾತ್ರ ನಾನು ವೋಚರ್ ಬರೆದೇ ಇರಲಿಲ್ಲ. ಮೈ ಸರಿಯಿರಲಿಲ್ಲ, ಬೇಸರವೂ ಇತ್ತು. ಹಳದೀಪುರದಲ್ಲಿ ಛತ್ರಿ ಹಿಡಿದು ನಿಂತಿದ್ದ ಅಕ್ಕನಿಗೆ "ಮುಂದಿನ ತಿಂಗಳು ಒಟ್ಟಿಗೆ ಕೊಡ್ತೆ" ಎಂದೆ. ಅವರು ಛತ್ರಿ ಮಡಚಿ ಬಸ್ಸು ಹತ್ತಿಯೇ ಬಿಟ್ಟರು. ಪಕ್ಕದಲ್ಲಿ ಕೂತು, ಒದ್ದೆ ಸೀರೆಯನ್ನು ನನಗೆ ತಾಗಿಸುತ್ತ, ಪೆನ್ನು ಕೊಟ್ಟು ತೊಡೆಯ ಮೇಲೇ ಬರೆಸಿದರು. ಬಸ್ಸು ಕುಲುಕಿದಾಗೆಲ್ಲ ಅಕ್ಷರ ಎತ್ತಲೋ ಹೋಗುತ್ತಿತ್ತು. ಹೊನ್ನಾವರ ಬಂದಾಗ ಅದನ್ನು ಕಿತ್ತುಕೊಂಡು ಇಳಿದರು. ನಾನು ಭಟ್ಕಳದವರೆಗೂ ಅವರನ್ನು ಮನಸ್ಸಿನಲ್ಲೇ ಬೈದೆ.

ಭಟ್ಕಳದ ಶಾಖೆಯಲ್ಲಿ ನನ್ನ ಹಾಗೇ ಅರೆಹೊತ್ತು ದುಡಿಯುವ ಗೆಳತಿಯೊಬ್ಬಳಿದ್ದಳು. ಅವಳ ಬಸ್ಸು ಹಳದೀಪುರದ ಮೇಲೆ ಬರುತ್ತಿರಲಿಲ್ಲ. ಅಕ್ಕ ಫೋನಿನಲ್ಲಿ ಎಷ್ಟು ಹೇಳಿದರೂ "ಆತು, ಕಳಸ್ತೆ" ಎಂದು ಹೇಳಿ, ಹಬ್ಬಕ್ಕೇ ಒಟ್ಟಿಗೆ ಕಳಿಸುತ್ತಿದ್ದಳು. ಅವಳಿಗೆ ಮಗುವಾದಾಗ ಇಎಸ್‌ಐಗೆ ಕಟ್ಟಿದ ದಿನಗಳು ಸಾಲಲಿಲ್ಲ, ಮನೆಯಲ್ಲಿ ಕೂತರೆ ಬರುವ ದುಡ್ಡೂ ಬರಲಿಲ್ಲ. ಬಾಣಂತನ ಮುಗಿಯಿತೋ ಇಲ್ಲವೋ, ಕೆಲಸಕ್ಕೆ ಬಂದಳು. ಒಂದು ಬೆಳಿಗ್ಗೆ ನಾವಿಬ್ಬರೂ ರಕ್ತ ತೆಗೆಯುತ್ತಿದ್ದಾಗ ಅವಳ ಅತ್ತೆಯ ಫೋನ್ ಬಂತು, ಮಗು ಮೊದಲ ಸಲ ಕವುಚಿ ಬಿತ್ತಂತೆ. "ಹೌದಾ? ಆತು" ಎಂದು ಫೋನ್ ಇಟ್ಟು, ಕಾಯುತ್ತಿದ್ದ ಅಜ್ಜಿಯ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ಕಣ್ಣು ತುಂಬಿ ಅವಳಿಗೆ ನರ ಕಾಣಲಿಲ್ಲ. ಆ ತೋಳಿನಿಂದ ನಾನು ರಕ್ತ ತೆಗೆದೆ.

ಅಂದು ನನಗೂ ಹೊಟ್ಟೆಯಲ್ಲಿ ಮೂರು ತಿಂಗಳಾಗಿತ್ತು. ಇನ್ನೂ ಯಾರಿಗೂ ಹೇಳಿರಲಿಲ್ಲ. ಮಳೆಗಾಲದ ಆ ಬೇಸರಕ್ಕೆ ಕಾರಣ ಅದೇ ಎಂದು ನನಗೂ ಆಮೇಲೆ ತಿಳಿದದ್ದು. ಎಷ್ಟೋ ವರ್ಷ ಕಾದ ಮಗುವನ್ನು ಹೆತ್ತು, ಹಸಿಗೂಸನ್ನು ಬಿಟ್ಟು ಬಸ್ಸು ಹತ್ತಬೇಕೇ ಎಂಬ ಹೆದರಿಕೆಯಲ್ಲೇ ಹೊನ್ನಾವರಕ್ಕೆ ಹೋಗಿ ಅಕ್ಕನ ಮುಂದೆ ಕೂತೆ. ವಿಷಯ ಹೇಳಿದೆ. ಅವರು ನಗಲಿಲ್ಲ, ಹಾರೈಸಲಿಲ್ಲ, ಕಂಪ್ಯೂಟರಿನತ್ತ ತಿರುಗಿ ತಿಂಗಳು ತಿಂಗಳಾಗಿ ನೋಡತೊಡಗಿದರು.

"ಎಲ್ಲಾ ಅದೆ," ಎಂದರು ಕೊನೆಗೆ. "ತೊಡೆ ಮೇಲೆ ಬರದದ್ದೂ ಅದೆ. ಹೆರಿಗೆಯಾದ್ಮೇಲೆ ಮನೇಲಿ ಕೂತ್ಕೋ, ಸಂಬಳ ಬತ್ತದೆ." ಆಮೇಲೆ ಡ್ರಾಯರಿನಿಂದ ಒಂದು ಬೆಲ್ಲದ ಚಿಕ್ಕಿ ತೆಗೆದು ಕೊಟ್ಟರು. ನಾನು ಅಲ್ಲೇ ಅತ್ತೆ.

ಅಕ್ಕ ನನ್ನ ಮೇಲಿನ ಪ್ರೀತಿಯಿಂದ ಅಷ್ಟೆಲ್ಲ ಮಾಡಿದರು ಎಂದು ನಾನು ಹೇಳಲಾರೆ. ಅವರ ಲೆಕ್ಕದಲ್ಲಿ ಯಾರ ಹೆಸರಿನ ಮುಂದೂ ಸೊನ್ನೆ ಬೀಳಬಾರದಿತ್ತು, ಅಷ್ಟೆ. ಆದರೆ ಪ್ರೀತಿ ಇದ್ದವರೆಲ್ಲ ನನ್ನ ಬಸ್ಸು ಕಾಯುತ್ತ ಮಳೆಯಲ್ಲಿ ನಿಲ್ಲಲಿಲ್ಲ. ನಾನು ಅವರ ಋಣದಲ್ಲಿದ್ದೇನೆ, ಇರಲು ಸಂತೋಷವೇ.

ಹೆರಿಗೆಯ ರಜೆ ಇನ್ನೂ ಉಳಿದಿದ್ದಾಗ, ಒಂದು ಬೆಳಿಗ್ಗೆ, ಗಂಡ ಟೆಂಪೋ ತೆಗೆದುಕೊಂಡು ಹೋದ ಮೇಲೆ, ಚಾಪೆಯ ಮೇಲೆ ಮಲಗಿಸಿದ್ದ ಮಗಳು ಒಂದು ಕಾಲೆತ್ತಿ, ಮುಕ್ಕಿರಿದು, ಕವುಚಿ ಬಿದ್ದಳು. ನಾನು ಎರಡು ಮಾರು ದೂರದಲ್ಲಿ ಕೂತು ಕಣ್ಣಾರೆ ನೋಡಿದೆ. ಗಂಡನಿಗೂ ಹೇಳದೆ ಮೊದಲು ಅಕ್ಕನಿಗೆ ಫೋನ್ ಮಾಡಿದೆ. ಇತ್ತ ಮಗು ಅಳುವುದು ಅವರಿಗೆ ಕೇಳಿಸಿರಬೇಕು.

"ಕೈ ಮೈಯಡಿಗೆ ಸಿಕ್ಕಂಡದ್ಯಾ?" ಎಂದು ಕೇಳಿದರು.

"ಹೌದಕ್ಕಾ."

"ತೆಗಿ ಮೊದ್ಲು. ಅದ್ಕೇ ಅಲ್ವಾ ನೀ ಮನೇಲಿರೂದು."

ಫೋನ್ ಕೆಳಗಿಟ್ಟು ಮಗಳ ಕೈ ಬಿಡಿಸಿದೆ.