ಬಾಗಿಲಿಗೆ ಅಡ್ಡ ನಿಂತ ಸ್ಟೆಪ್ನಿ

ಗಾಳಿಬೀಡಿನ ತೋಟದ ಶೆಡ್ಡಿನಲ್ಲಿ ಬಿದ್ದಿದ್ದ ತಮ್ಮ ಅಜ್ಜನ ಕಾಲದ ದೊಡ್ಡ ಕಾರನ್ನು ನನ್ನ ಸೋದರಮಾವ ಕಳೆದ ವರ್ಷ ರಿಪೇರಿ ಮಾಡಿಸಿದರು. ಅಂಥ ಕಾರುಗಳಿಗೆ ಡಿಕ್ಕಿ ಇರುವುದಿಲ್ಲ. ಹಿಂದುಗಡೆ ಚರ್ಮದ ಪೆಟ್ಟಿಗೆ ಕಟ್ಟಿಸಿದ್ದರಿಂದ ಸ್ಟೆಪ್ನಿಗೆ ಜಾಗ ಸಿಗದೆ, ಅದನ್ನು ಹೊರಗೆ ಡ್ರೈವರ್ ಬಾಗಿಲಿಗೆ ಒತ್ತಿ ನಿಲ್ಲಿಸಿದರು. ನೋಡಲು ರಾಜಗಾಂಭೀರ್ಯ, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ.

ತಿತಿಮತಿಯ ಮದುವೆಗೆ ಅದರಲ್ಲೇ ಹೊರಟೆವು. ದಾರಿಯಲ್ಲಿ ಯಾರಾದರೂ ಫೋಟೋ ತೆಗೆಯಲು ಮೊಬೈಲ್ ಎತ್ತಿದರೆ ಸಾಕು, ಮಾವ ಇಳಿದು ಕಾರಿನ ಪಕ್ಕ ನಿಲ್ಲಬೇಕು. ಮಾವ ಇಳಿಯಬೇಕಾದರೆ ಎಡಗಡೆ ಕೂತ ಅತ್ತೆ ರೇಷ್ಮೆ ಸೀರೆ ಎತ್ತಿಕೊಂಡು ಮೊದಲು ಇಳಿಯಬೇಕು. ನೆಲ್ಯಹುದಿಕೇರಿಯಲ್ಲಿ ಅತ್ತೆಗೆ ರೇಗಿತು.

“ನಾನೇನು ನಿಮ್ಮ ಬಸ್ಸಿನ ಕ್ಲೀನರಾ?” ಎಂದು ಹಿಂದೆ ಬಂದು ನನ್ನ ಪಕ್ಕ ಕೂತರು.

ಮಂಟಪದ ಗೇಟಿನವನು ಅತ್ತೆಗೆ ಕೈಮುಗಿದು, ಮಾವನ ಕಡೆ ತಿರುಗಿ, “ಡ್ರೈವರಣ್ಣ, ನಿಮ್ಗೆಲ್ಲ ಊಟ ಹಿಂದ್ಗಡೆ” ಎಂದ. ಅತ್ತೆ ತಿದ್ದುವ ಗೋಜಿಗೆ ಹೋಗಲಿಲ್ಲ. ಮಾವ ಮುಖ ಊದಿಸಿಕೊಂಡು ಹೋದರು.

ಊಟ ಮುಗಿಸಿ ಹುಡುಕಿಕೊಂಡು ಹೋದರೆ, ನಿಜವಾದ ಡ್ರೈವರುಗಳೆಲ್ಲ ಕಾರನ್ನು ಮುತ್ತಿದ್ದರು. ನಡುವೆ ಮಾವ ಸ್ಟೆಪ್ನಿ ತಟ್ಟಿ ತಟ್ಟಿ ವಿವರಿಸುತ್ತಿದ್ದರು. ವಾಪಸು ಬರುವಾಗಲೂ ಅತ್ತೆ ಹಿಂದೆಯೇ ಕೂತರು; ಇನ್ನೂ ಅದೇ ಖುಷಿಯ ಗುಂಗಿನಲ್ಲಿದ್ದ ಮಾವನಿಗೆ ಪಕ್ಕದ ಸೀಟು ಖಾಲಿಯಿದೆ ಎಂಬುದೂ ನೆನಪಿರಲಿಲ್ಲ.