ಫೋರ್‌ಮನ್ನರ ಬಾವಲಿ ಗೂಡು

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಮರ ಸವರಿ ಸವರಿ ಬೆರಳೂ ನುಣ್ಣಗಾಗಿತ್ತು. ಪಿಂಚಣಿಗೆಂದು ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುತ್ತಿರಲಿಲ್ಲ. "ನಾನು ಬದುಕಿರೋದು ಇದಕ್ಕೆ ಗೊತ್ತಾಗ್ತಿಲ್ಲ ಕಣ್ರೀ" ಎಂದು ಕೌಂಟರಿನವರನ್ನು ನಗಿಸುತ್ತಿದ್ದರು.

ಪೀಣ್ಯದ ಕಾರ್ಖಾನೆಯೊಂದರಲ್ಲಿ, ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುವ ವಿಭಾಗಕ್ಕೆ ಅವರು ಫೋರ್‌ಮನ್. ನಾನು ಅವರ ಕೈಕೆಳಗೆ ಕೆಲಸ ಕಲಿತವನು. ಮರಳಿನಲ್ಲಿ ಒತ್ತಿ ತೆಗೆಯುವ ಆ ಅಚ್ಚು ಒರಟಾಗಿದ್ದರೆ ಮರಳು ಕಚ್ಚಿಕೊಂಡು ಎರಕ ಕೆಡುತ್ತದೆ. ಅದಕ್ಕೇ ಪ್ರತಿಯೊಂದನ್ನೂ ಆ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಒಂದೇ ಸಲಕ್ಕೆ ಸರಿಬಂದ ಕೆಲಸದ ಮೇಲೆ ಸೀಮೆಸುಣ್ಣದಲ್ಲಿ 'ಪಾಸು' ಎಂದು ಬರೆಯುವರು, ಇಲ್ಲದಿದ್ದರೆ ಒಂದು ಅಡ್ಡಗೆರೆ. ನನ್ನ ಪಾಲಿಗೆ ಬಂದದ್ದೆಲ್ಲ ಅಡ್ಡಗೆರೆಯೇ. ತಿದ್ದಿ ತಂದರೆ ಅದನ್ನು ಒರೆಸಿ "ಹೂಂ, ನಡೀತದೆ" ಎಂದು ಮುಂದಕ್ಕೆ ಹೋಗುವರು. ಮನಸ್ಸಿನಲ್ಲೇ ಅವರನ್ನು ಎಷ್ಟು ಬೈದಿದ್ದೇನೋ!

ನಿವೃತ್ತಿಯಾದ ಮೇಲೆ ಜಿಗಣಿಯಾಚೆ ತಮ್ಮ ತುಂಡು ಜಮೀನಿನಲ್ಲಿ ಮನೆ ಕಟ್ಟಿಸಿದರು. ಅದಕ್ಕೆಂದು ಹಳೇ ಪಂಪ್‌ಹೌಸ್ ಕೆಡವಿಸಿದಾಗ, ಒಳಗಿದ್ದ ಸಣ್ಣ ಬಾವಲಿಗಳು ಹಗಲಲ್ಲೇ ದಿಕ್ಕೆಟ್ಟು ಹಾರಿದವಂತೆ. ಅದು ಅವರನ್ನು ಕೊರೆಯುತ್ತಲೇ ಇತ್ತು.

"ಸೊಳ್ಳೆ ತಿನ್ಕೊಂಡು ಅವುಗಳ ಪಾಡಿಗೆ ಅವು ಇದ್ವು. ಮನೆ ಬೀಳಿಸ್ಬಿಟ್ಟೆ ಕಣಯ್ಯಾ. ವಾಪಸ್ ಕರೀಬೇಕು."

ಕಾರ್ಖಾನೆಗಳಿಗೆ ಯಂತ್ರ ತುಂಬಿ ಬರುವ ಪೆಟ್ಟಿಗೆಗಳ ಹಲಗೆ ತಂದು, ಕೆಳಗೆ ಬೆರಳಗಲದ ಸಂದಿ ಬಿಟ್ಟು, ಬಾವಲಿಗಳಿಗೆ ಗೂಡು ಮಾಡಿ ಎತ್ತರದ ಕಂಬಕ್ಕೆ ಹೊಡೆದರು. ಎರಡು ವರ್ಷ, ಸಂಜೆ ಸಂಜೆ, ಅದರೆದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಒಂದೂ ಬರಲಿಲ್ಲ.

ಕೊನೆಗೆ ನನಗೆ ಹೇಳಿ ಕಳಿಸಿದರು. ಏಣಿ ಹತ್ತಿ ಸಂದಿಯೊಳಗೆ ಬೆರಳಾಡಿಸಿದೆ. ಕನ್ನಡಿಯಂಥ ನುಣುಪು! ಒಳಗೆಲ್ಲ ಉಜ್ಜಿ ಪಾಲಿಶ್ ಹೊಡೆದಿದ್ದರು.

"ಸಾರ್, ಅವು ಉಗುರು ಸಿಕ್ಕಿಸಿ ನೇತಾಡ್ಬೇಕಲ್ವಾ? ಇದ್ರಲ್ಲಿ ಜಾರಿ ಬೀಳ್ತವೆ."

ಬೈಗುಳಕ್ಕೆ ಕಾದೆ. ಅವರು ಹೆಬ್ಬೆರಳನ್ನು ನೋಡಿಕೊಂಡು ನಕ್ಕುಬಿಟ್ಟರು. "ಹಾಳು ಚಟ ನೋಡು. ನಿನ್ನ ಮೊದಲನೇ ವರ್ಷದ ಕೆಲಸ ಜ್ಞಾಪಕ ಇದ್ಯಾ? ಅಷ್ಟೇ ಕೆಟ್ಟದಾಗಿ ಒಂದು ಮಾಡ್ಕೊಡಯ್ಯಾ."

ಜೀವಮಾನದ ವಿದ್ಯೆಯನ್ನು ಶಿಷ್ಯನೆದುರು ಅಷ್ಟು ಹಗುರವಾಗಿ ಪಕ್ಕಕ್ಕಿಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅವರ ಬಗ್ಗೆ ನಿಜವಾದ ಗೌರವ ಹುಟ್ಟಿದ್ದು ಆಗಲೇ. ಹಲಗೆಗೆ ಗರಗಸದಿಂದ ಅಡ್ಡಡ್ಡ ಗೀರಿ, ಸಿಬಿರೆದ್ದದ್ದನ್ನು ಹಾಗೇ ಬಿಟ್ಟು ಹೊಸ ಗೂಡು ಮಾಡಿದೆ. ಪಕ್ಕದಲ್ಲೇ ಕೂತಿದ್ದ ಅವರ ಕೈ ಎರಡು ಸಲ ಉಪ್ಪುಕಾಗದದ ಕಡೆ ಹೋಯಿತು. ನಾನೇ ಎತ್ತಿ ಆಚೆಗಿಟ್ಟೆ. ಹಳೇ ಗೂಡು ಇಳಿಸಿ ಇದನ್ನು ಕಂಬಕ್ಕೆ ಹೊಡೆದೆ.

ಮಳೆಗಾಲ ಕಳೆದ ಮೇಲೆ ಫೋನು ಬಂತು. "ಕಂಬದ ಬುಡದಲ್ಲಿ ಹಿಕ್ಕೆ ಬಿದ್ದಿದೆ ಕಣಯ್ಯಾ! ಸಣ್ಣ ಸಣ್ಣದು, ಜೀರಿಗೆ ಥರ!" ಹಿಂದಿನಿಂದ ಅವರ ಮನೆಯಾಕೆ, "ಮಗಳು ಹುಟ್ಟಿದಾಗ್ಲೂ ಇಷ್ಟು ಕುಣೀಲಿಲ್ಲ" ಎಂದದ್ದೂ ಕೇಳಿಸಿತು.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಸಂಜೆ, ಹೊತ್ತು ಮುಳುಗುವಾಗ ಕಂಬದ ಹತ್ತಿರ ಹೋಗಿ ನಿಂತೆ. ಬಾವಲಿಗಳು ಒಂದೊಂದಾಗಿ ಹೊರಬಿದ್ದು ಹಾರಿದವು. ಕತ್ತೆತ್ತಿ ನೋಡಿದರೆ, ಗೂಡಿನ ಸೂರಿನಡಿ, ಮಳೆ ತಾಗದ ಕಡೆ, ಸೀಮೆಸುಣ್ಣದ ದಪ್ಪ ಅಕ್ಷರ: 'ಪಾಸು'. ಆ ವಯಸ್ಸಿನಲ್ಲಿ ಏಣಿ ಹತ್ತಿದ್ದರು. ನನಗೊಂದು ಮಾತು ಹೇಳಿರಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ.