ತಾತನ ಬದಲಿಗೆ ಕೊಟ್ಟ ಉತ್ತರ

“ನಾಲೇಲಿ ನೀರು ಬಂದದಾ?” ಎಂದು ಹಿತ್ತಿಲಿನಿಂದ ಅಜ್ಜಿ ಕೂಗಿದಾಗ ನಾನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ “ಬಂದದೆ ಕಣಮ್ಮಿ” ಎಂದೆ. ಪ್ರಶ್ನೆ ನನಗಲ್ಲ, ತೀರಿಹೋದ ತಾತನಿಗೆ. ಪೂರಿಗಾಲಿ ಹಳ್ಳಿಯ ಗದ್ದೆ ಬಿಟ್ಟು ಗುತ್ತಲು ಬಡಾವಣೆಯ ನಮ್ಮ ಮನೆಗೆ ಬಂದ ಮೇಲೂ ಅಜ್ಜಿ ಬೆಳಿಗ್ಗೆ ಎದ್ದರೆ ಇದನ್ನೇ ಕೇಳುತ್ತಿದ್ದಳು. ಉತ್ತರ ಬಾರದೆ ಕಾಫಿ ಲೋಟ ಮುಟ್ಟುತ್ತಿರಲಿಲ್ಲ. ಮರೆವು ಎಂದುಕೊಂಡು, ತಾತ ಹೇಳುತ್ತಿದ್ದ ಮಾತನ್ನೇ ನಾನು ಹೇಳಿಬಿಡುತ್ತಿದ್ದೆ.

ನನ್ನ ಕೆಲಸವೂ ಹೆಚ್ಚುಕಡಿಮೆ ಅದೇ. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಪ್ರೋಗ್ರಾಂ ಸರಿಯಿದೆಯೇ ಎಂದು ಪರೀಕ್ಷಿಸುವಾಗ, ಅದು ಕೇಳುವ ಮಾಹಿತಿಯನ್ನು ನಿಜವಾದ ಸರ್ವರ್‌ನಿಂದ ತರಿಸುವುದಿಲ್ಲ. ಸರ್ವರ್ ಹೇಳಿದಂತೆಯೇ ಕಾಣುವ ಉತ್ತರವೊಂದನ್ನು ನಾವೇ ಬರೆದಿಟ್ಟು ಕೊಡುತ್ತೇವೆ. ಪ್ರೋಗ್ರಾಮಿಗೆ ಮೋಸ ಗೊತ್ತಾಗುವುದಿಲ್ಲ. ಅಜ್ಜಿಗೂ ಗೊತ್ತಾಗುವುದಿಲ್ಲ ಎಂದೇ ನಾನು ನಂಬಿದ್ದೆ.

ಅಂದು ಅವಳು ಒಳಗೆ ಬಂದು ನನ್ನ ತಲೆ ಸವರಿದಳು. “ನೀನೇ ಅಂತ ಗೊತ್ತು ಕಣವ್ವ. ಕೂಗುದ್ರೆ ಯಾರಾರ ಒಬ್ರು ಓ ಅಂದ್ರೆ ಸಾಕು ಬುಡು” ಎಂದು ಹೇಳಿ ಕಾಫಿಗೆ ಕೈಚಾಚಿದಳು.

ಅಜ್ಜಿ ಈಗಲೂ ಕೂಗುತ್ತಾಳೆ. ನಾನು ಲ್ಯಾಪ್‌ಟಾಪ್ ಮುಚ್ಚಿ ಹಿತ್ತಿಲಿಗೆ ಹೋಗಿ, ಅವಳ ಪಕ್ಕ ಕೂತು, ನೀರು ಬಂದಿದೆ ಎನ್ನುತ್ತೇನೆ.